ಬೋರಾಮಣಿಯ ತೋಳಗಳು ಮತ್ತು ಒಂದು ಹಳೆಯ ಲೆನ್ಸು

ಕೊರೊನಾ ಹಾವಳಿ ಕಳೆದು ಪೇಟೆ ಮತ್ತೆ ತೆರೆದುಕೊಂಡ ವರ್ಷ. ಸೊಲ್ಲಾಪುರದಲ್ಲಿ ನಾನು ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟು ಇಪ್ಪತ್ತೈದು ವರ್ಷ ದಾಟಿತ್ತು. ಹಳೆಯ ಕ್ಯಾಮೆರಾ, ಲೆನ್ಸು ಕೊಂಡು ಮಾರುವ ಶೇಠ್ ಒಬ್ಬ ತನ್ನ ಸರಕನ್ನೆಲ್ಲ ನನಗೇ ಕಳಿಸುತ್ತಿದ್ದ. ನನ್ನ ಅರ್ಧ ಕೆಲಸ ಅವನದೇ.

ಬೇಸಿಗೆ ಶುರುವಾಗುವ ಹೊತ್ತಿಗೆ ಅಕ್ಕಲಕೋಟೆ ಕಡೆಯ ಸವಿತಾ ಎಂಬ ಹೆಣ್ಣುಮಗಳು ಒಂದು ಟೆಲಿಫೋಟೊ ಲೆನ್ಸು ಹಿಡಿದು ಬಂದರು. ಒಕ್ಕಲುತನದ ದೊಡ್ಡ ಮನೆತನದವರು. ಬೋರಾಮಣಿಯ ಹುಲ್ಲುಗಾವಲಿನಲ್ಲಿ ತೋಳವೊಂದು ಮರಿ ಹಾಕಿತ್ತು. ಹತ್ತಿರ ಹೋದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆ ಹೋಗಿಬಿಡುತ್ತದೆ. ಅದಕ್ಕೇ ದೂರದಿಂದ ತೆಗೆಯಲು ಈ ಉದ್ದನೆಯ ಲೆನ್ಸನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ತೆಗೆದ ಚಿತ್ರವೆಲ್ಲ ಮಸುಕು.

“ಕಾಕಾ, ಲೆನ್ಸಿಗೇನೂ ಆಗಿಲ್ಲಂತ್ರಿ. ನನ್ನ ಕೈನ ನಡಗ್ತಾವಂತ. ಕೈಗೆ ಆಸರ ಆಗೂವಂಥಾದ್ದು ಏನರೆ ಇದ್ರ ಕೊಡ್ರಿ” ಎಂದರು.

“ಹಂಗಂತ ಯಾರಂದ್ರು?”

“ಮಾರಿದ ಶೇಠ್. ಹೆಂಗಸರ ಕೈಗೆ ಈ ವಜನ್ ತಡಿಯೂದಿಲ್ಲ, ನಿಮ್ಮ ಯಜಮಾನರ ಕೈಯಾಗ ಕೊಡ್ರಿ ಅಂದ್ರು.”

ಅವರು ಆ ಮಾತು ನಂಬಿ ನರದ ಡಾಕ್ಟರಿಗೂ ತೋರಿಸಿ ಬಂದಿದ್ದರು.

ಲೆನ್ಸನ್ನು ಸ್ಟ್ಯಾಂಡಿಗೆ ಬಿಗಿದು, ಟೈಮರ್ ಹಾಕಿ, ಇಬ್ಬರೂ ಮುಟ್ಟದೆ ದೂರ ನಿಂತೆವು. ಆಗಲೂ ಚಿತ್ರ ಮಸುಕೇ ಬಂತು. ಇಂಥ ಲೆನ್ಸಿನೊಳಗೆ ಸ್ಟೆಬಿಲೈಸರ್ ಎಂಬ ಭಾಗವಿರುತ್ತದೆ. ಕೈ ಅಲುಗಿದರೆ ಒಳಗಿನ ಒಂದು ಗಾಜು ಸರಿದು ಚಿತ್ರವನ್ನು ನಿಲ್ಲಿಸುತ್ತದೆ. ಇಲ್ಲಿ ಆ ಗಾಜೇ ನಿಲ್ಲದೆ ನಡುಗುತ್ತಿತ್ತು. ಬಿಚ್ಚಿ ನೋಡಿದೆ. ಗಾಜನ್ನು ಹಿಡಿದಿಡುವ ಹಿಡಿಕೆ ಸೀಳಿತ್ತು, ಅದಕ್ಕೆ ಅಂಟು ಹಚ್ಚಿದ ಗುರುತು. ಹಚ್ಚಿದವನು ನಾನೇ. ಬಿದ್ದು ಒಡೆದ ಈ ಲೆನ್ಸನ್ನು ಹಿಂದೆ ನನಗೆ ಸರಕು ಕಳಿಸುವ ಅದೇ ಶೇಠ್ ತಂದಾಗ, ಅಂಟು ನಿಲ್ಲಲಿಲ್ಲ, ಇದನ್ನು ಬಿಡಿಭಾಗಕ್ಕಷ್ಟೇ ಮಾರು ಎಂದು ಹೇಳಿ ಕೊಟ್ಟಿದ್ದೆ. ಅವನು ಮೇಲೆ ಬಣ್ಣ ಬಳಿದು ಮಾರಿದ್ದ.

ಅಂಗಡಿ ಬಾಗಿಲೆಳೆದು ಸವಿತಾ ಅವರೊಂದಿಗೆ ನೇರ ಅವನಲ್ಲಿಗೆ ಹೋದೆ. ನಾಲ್ಕಾರು ಗಿರಾಕಿಗಳಿದ್ದರು. ಅವರೆದುರಿಗೇ ಒಡೆದ ಹಿಡಿಕೆಯನ್ನು ಗಾಜಿನ ಮೇಜಿನ ಮೇಲಿಟ್ಟೆ.

“ಅಹೋ ಕಾಕಾ, ಒಳಗ ಕೂತು ಮಾತಾಡೂಣು. ಇಬ್ಬರದೂ ಧಂದಾ ಅದ” ಎಂದ.

“ಇಲ್ಲೇ ಮಾತಾಡು. ಇದು ಒಡದದ್ದು ನಿನಗ ಗೊತ್ತಿತ್ತೋ ಇಲ್ಲೋ?”

ಅವನು ಸವಿತಾ ಅವರ ಕಡೆ ತಿರುಗಿ, “ಅಕ್ಕಾರ, ನಿಮ್ಮ ರೊಕ್ಕ ವಾಪಸ್ ತಗೋರಿ, ಮುಗೀತು” ಎಂದ.

“ರೊಕ್ಕ ಆಮ್ಯಾಲ. ನನ್ನ ಕೈ ಛಲೋ ಅದಾವಂತ ಇವರ ಮುಂದ ಹೇಳ್ರಿ.”

“ಲೆನ್ಸ್ ಖರಾಬ್ ಇತ್ತ್ರಿ.”

“ಕೈ?”

ಗಿರಾಕಿಗಳು ಅವನನ್ನೇ ನೋಡುತ್ತಿದ್ದರು. ತಲೆ ತಗ್ಗಿಸಿ, “ಕೈ ಛಲೋ ಅದಾವ” ಎಂದ.

ರೊಕ್ಕ ಮರಳಿತು. ಸವಿತಾ ಬೇರೆ ಲೆನ್ಸು ಕೊಂಡು ಬೋರಾಮಣಿಗೆ ಹೋಗುವಷ್ಟರಲ್ಲಿ ಮರಿಗಳು ಬೆಳೆದು ಬಿಲ ಬರಿದಾಗಿತ್ತು. ಆ ಹಂಗಾಮನ್ನು ಯಾರು ವಾಪಸ್ ಕೊಡಬೇಕು? ಮರುದಿನದಿಂದ ಶೇಠನ ಸರಕು ನನ್ನಲ್ಲಿಗೆ ಬರಲಿಲ್ಲ. ಬರುವುದೂ ಬೇಡವಾಗಿತ್ತು.

ಯಾರೇ ಮಸುಕಾದ ಚಿತ್ರ ತಂದರೂ ಈಗ ನಾನು ಮೊದಲು ಲೆನ್ಸನ್ನು ಸಂಶಯಿಸುತ್ತೇನೆ, ಮನುಷ್ಯನನ್ನು ಆಮೇಲೆ. ಕಸುಬು ನನಗೆ ಕಲಿಸಿದ್ದು ಇಷ್ಟು. ಶೇಠ್ ಈಗಲೂ ರಸ್ತೆಯಲ್ಲಿ ಎದುರಾದರೆ ನಗುತ್ತಾನೆ. ನಾನು ನಗುವುದಿಲ್ಲ.