ಕುಸುಮಾ ಕಾಲು ಮುಟ್ಟಿದ್ದು

ಅತ್ತಿಗುಪ್ಪೆಯಲ್ಲಿ ಬ್ಲೌಸ್ ಹೊಲಿಯುವ ಕುಸುಮಾಳಂಥ ಅಂಜುಬುರುಕಿಯನ್ನು ನೀವು ನೋಡಿರಲಿಕ್ಕಿಲ್ಲ. ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರ್ ಎಂದರೆ ಹೆದರಿಕೆ. ಗಿರಾಕಿ ದೊಡ್ಡ ದನಿಯಲ್ಲಿ ಮಾತಾಡಿದರೆ ಹೆದರಿಕೆ. ಮಗಳ ಫೋನು ಬಂದರೆ ಏನಾಯಿತೋ ಎಂದು ಹೆದರಿಕೆ, ಬಾರದಿದ್ದರೆ ಇನ್ನೇನಾಯಿತೋ ಎಂದು ಇನ್ನಷ್ಟು ಹೆದರಿಕೆ. ಗಂಡ ರಾಜೇಂದ್ರ ಇದ್ದಾಗ ಹೊರಗಿನ ವ್ಯವಹಾರವನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅಂದಿನಿಂದ ಅಂಗಡಿ, ಮನೆ, ಕಾಲೇಜಿಗೆ ಹೋಗುವ ಮಗಳು ಎಲ್ಲವೂ ಇವಳ ತಲೆಗೇ ಬಂತು. ಹೆದರುತ್ತಲೇ ಎಲ್ಲವನ್ನೂ ಮಾಡಿದಳು, ಬೇರೆ ದಾರಿಯಾದರೂ ಏನಿತ್ತು?

ಇಂಥವಳು ಡ್ಯಾನ್ಸ್ ಕ್ಲಾಸಿಗೆ ಸೇರಿದಳು ಎಂದರೆ ನಂಬುತ್ತೀರಾ? ಸೇರಿದ್ದೂ ಹೆದರಿಕೆಯಿಂದಲೇ.

ಅವಳ ಅಂಗಡಿಯ ಮೇಲಿನ ಮಹಡಿಯ ದೊಡ್ಡ ಕೋಣೆಯನ್ನು ರೇವಂತ್ ಎಂಬ ಹುಡುಗ ಬಾಡಿಗೆಗೆ ಹಿಡಿದು ಸ್ವಿಂಗ್ ಡ್ಯಾನ್ಸ್ ಕಲಿಸುತ್ತಿದ್ದ. ಸಂಜೆಯಾದರೆ ಮೇಲೆ ಧಡಧಡ ಸದ್ದು. ಒಂದು ಸಂಜೆ ಮದುಮಗಳ ರೇಷ್ಮೆ ಬ್ಲೌಸಿನ ಮೇಲೆ ಸೂರಿನಿಂದ ಸುಣ್ಣದ ಪುಡಿ ಉದುರಿತು. ಕುಸುಮಾಳಿಗೂ ಸಿಟ್ಟು ಬರುತ್ತದೆ ಸ್ವಾಮಿ, ಅಪರೂಪಕ್ಕೆ. ಬ್ಲೌಸನ್ನು ಕೈಯಲ್ಲೇ ಹಿಡಿದು ಜಗಳವಾಡಲು ಮೆಟ್ಟಿಲು ಹತ್ತಿದಳು. ಬಾಗಿಲ ಬಳಿ ನಿಂತಿದ್ದೇ ತಡ, ರೇವಂತ್, "ಬನ್ನಿ ಆಂಟಿ, ಹೊಸಬ್ರಾ? ಫಸ್ಟ್ ಕ್ಲಾಸ್ ಫ್ರೀ. ಚಪ್ಲಿ ಅಲ್ಲಿ ಬಿಡಿ" ಎಂದ. ನಾನು ಜಗಳಕ್ಕೆ ಬಂದವಳಪ್ಪಾ ಎನ್ನಲು ಬಾಯೇ ಬರಲಿಲ್ಲ. ಚಪ್ಪಲಿ ಬಿಟ್ಟು, ಬ್ಲೌಸನ್ನು ಕಿಟಕಿಯ ಮೇಲಿಟ್ಟು, ಹೋಗಿ ಸಾಲಿನಲ್ಲಿ ನಿಂತಳು.

ಆಮೇಲೆ ಹಾಡು ಹಾಕಿದರು. ಅಮೆರಿಕದವರ ತಾತಂದಿರ ಕಾಲದ್ದಂತೆ, ಬಿಗ್ ಬ್ಯಾಂಡ್ ಅನ್ನುತ್ತಾರಂತೆ. ನಮ್ಮ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟಿನವರೆಲ್ಲ ಒಂದೇ ಕೋಣೆಗೆ ಬಂದು, ಒಬ್ಬರನ್ನೊಬ್ಬರು ನೂಕದೆ, ಮರ್ಯಾದೆಯಾಗಿ ನುಡಿಸಿದ ಹಾಗಿತ್ತು. ಟ್ರಂಪೆಟ್ಟಿನ ಗುಂಪು ಏನೋ ಕೇಳುತ್ತದೆ, ಸ್ಯಾಕ್ಸೋಫೋನಿನ ಗುಂಪು ಉತ್ತರ ಕೊಡುತ್ತದೆ, ನಡುವೆ ಒಂದು ಕ್ಲಾರಿನೆಟ್ ಎಲ್ಲರಿಗಿಂತ ಮೇಲೆ ಹೋಗಿ ನಗುತ್ತದೆ. ಕುಸುಮಾಳ ಪಾದ ಹೊಲಿಗೆ ಮೆಷಿನ್ನಿನ ಪೆಡಲು ಒತ್ತಿದ ಹಾಗೆ ತಾನಾಗಿ ಆಡತೊಡಗಿತು. ಅದನ್ನು ಕಂಡು ಅವಳಿಗೇ ಗಾಬರಿಯಾಯಿತು.

ಆ ಕುಣಿತದಲ್ಲಿ ಜೋಡಿಯಾಗಿ ಕೈ ಹಿಡಿಯಬೇಕು. ಮೊಣಕಾಲು ಸಡಿಲ ಬಿಟ್ಟು ಸ್ಪ್ರಿಂಗಿನಂತೆ ಕುಪ್ಪಳಿಸಬೇಕು, ಒಂದು ಕಾಲು ಹಿಂದಿಟ್ಟು ಮತ್ತೆ ಮುಂದೆ ಬರಬೇಕು, ಜೊತೆಗಾರ ಕೈ ಎಳೆದತ್ತ ತಿರುಗಬೇಕು. ಸ್ವಲ್ಪ ಹೊತ್ತಾದರೆ ರೇವಂತ್ "ಚೇಂಜ್!" ಅನ್ನುತ್ತಾನೆ, ಜೋಡಿ ಬದಲಾಗುತ್ತದೆ. ಅಯ್ಯೋ ಶಿವನೇ, ಗಂಡನ ಕೈ ಬಿಟ್ಟರೆ ಬೇರೆ ಗಂಡಸಿನ ಕೈ ಮುಟ್ಟಿದವಳಲ್ಲ, ಗಿರಾಕಿಯ ಗಂಡ ಚಿಲ್ಲರೆ ಕೊಟ್ಟರೂ ಮೇಜಿನ ಮೇಲಿಡಿ ಅನ್ನುವವಳು! ಪ್ರತಿ ಚೇಂಜಿಗೂ ಅಂಗೈ ಬೆವರುತ್ತಿತ್ತು. ಆದರೂ ಮರುವಾರ ಹೋದಳು, ಅದರ ಮರುವಾರವೂ ಹೋದಳು. ಸೀರೆ ಬಿಟ್ಟು ಚೂಡಿದಾರ್ ತೊಟ್ಟು, ರಸ್ತೆ ಕಡೆಯ ಕಿಟಕಿಯಿಂದ ದೂರ ನಿಂತು ಕಲಿತಳು. ಮಗಳು ಕೀರ್ತನಾಗೆ ಮದುವೆ ಸೀಸನ್ ಕೆಲಸ ಜಾಸ್ತಿ ಎಂದು ಸುಳ್ಳು ಹೇಳಿದಳು.

"ಆಂಟಿ, ಮುಂದೇನು ಅಂತ ಮೊದ್ಲೇ ಗೆಸ್ ಮಾಡ್ಬೇಡಿ. ಅವ್ರ ಕೈ ಏನ್ ಹೇಳತ್ತೋ ಅಷ್ಟೇ ಕೇಳಿ" ಎಂದು ರೇವಂತ್ ಪದೇ ಪದೇ ಹೇಳುತ್ತಿದ್ದ. ಮುಂದೆ ಬರುವ ಅನಾಹುತವನ್ನೆಲ್ಲ ಇಂದೇ ಊಹಿಸಿ ಇಟ್ಟುಕೊಳ್ಳುವವಳಿಗೆ ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ. ಆ ಪಾಠ ಮೊದಲು ಹತ್ತಿದ್ದು ದೇವೇಂದ್ರಪ್ಪನವರ ಕೈಯಲ್ಲಿ.

ದೇವೇಂದ್ರಪ್ಪ ಗದಗದ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು. ಮೊಣಕಾಲು ಹಿಡಿದುಕೊಂಡಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರೆ, ನಡೆಯಲು ಬೇಜಾರು ಎಂದು ಕುಣಿಯಲು ಬಂದ ಆಸಾಮಿ. ಅವರ ಕೈ ಎಳೆಯುತ್ತಿರಲಿಲ್ಲ, ನೂಕುತ್ತಲೂ ಇರಲಿಲ್ಲ. "ಅಂಜಬ್ಯಾಡ್ರೀ ಮೇಡಂ, ಬಿದ್ರ ಇಬ್ರೂ ಕೂಡೇ ಬೀಳೂಣಂತ" ಅನ್ನುತ್ತಿದ್ದರು. ಅವರೊಂದಿಗೆ ಕುಣಿಯುವಾಗ ಒಂದು ಹಾಡು ಮುಗಿಯುವ ತನಕ ಕುಸುಮಾಳಿಗೆ ಹೆದರಿಕೆಯ ನೆನಪೇ ಬರುತ್ತಿರಲಿಲ್ಲ. ಹಾಡು ನಿಂತ ಕೂಡಲೇ ಎರಡರಷ್ಟಾಗಿ ಬರುತ್ತಿತ್ತು, ಆ ಮಾತು ಬೇರೆ.

ಅಷ್ಟರಲ್ಲಿ ಕೀರ್ತನಾಳ ಮದುವೆಯ ಮಾತು ಬಂತು. ಕಾಲೇಜಿನಲ್ಲಿ ಜೊತೆಗೆ ಓದಿದ ಮಧುಕುಮಾರ್ ಎಂಬ ಹುಡುಗ. ಬ್ಯಾಡರಹಳ್ಳಿಯವರು, ಹೊಲವೆಲ್ಲ ಸೈಟುಗಳಾದ ಮೇಲೆ ಅನುಕೂಲಸ್ಥರಾದ ಹಳೇ ಒಕ್ಕಲು ಮನೆತನ. ಮಕ್ಕಳಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಆ ಮನೆಯಲ್ಲಿ ನಡೆಯುವುದು ಹುಡುಗನ ಅಜ್ಜಿ ಮುನಿತಾಯಮ್ಮನ ಮಾತು. ಹುಡುಗಿಯನ್ನು ಕಂಡು ಒಪ್ಪಿಕೊಂಡ ಮುದುಕಿ, "ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಗಂಡು ದಿಕ್ಕಿಲ್ದ ಮನೆ. ಆ ತಾಯಿ ಎಂಗವ್ಳೆ ಅಂತ ನೋಡೇ ಹೂ ಮುಡ್ಸೋದು" ಎಂದಿದ್ದಳಂತೆ. ಹೂ ಮುಡಿಸುವುದೆಂದರೆ ಗಂಡಿನ ಕಡೆಯ ಹಿರಿಯ ಮುತ್ತೈದೆ ಹುಡುಗಿಯ ತಲೆಗೆ ಹೂವಿಟ್ಟು, ಇವಳು ಇನ್ನು ನಮ್ಮವಳು ಎಂದು ಒಪ್ಪಿಕೊಳ್ಳುವುದು. ಅದಾದರೆ ಮದುವೆ ಗಟ್ಟಿಯಾದ ಹಾಗೆ. ಆಗದಿದ್ದರೆ ಮಗಳ ಎದೆ ಒಡೆದ ಹಾಗೆ. ಭಾನುವಾರಕ್ಕೆ ದಿನ ಗೊತ್ತಾಯಿತು.

ಅದರ ಹಿಂದಿನ ಭಾನುವಾರ ಕ್ಲಾಸಿನವರದ್ದೊಂದು ಪಾರ್ಟಿಯಿತ್ತು. ಇದೇ ಕೊನೆ, ಮಗಳ ಮದುವೆ ಮುಗಿಯುವ ತನಕ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡು ಕುಸುಮಾ ಹೋದಳು. ಬಲ್ಬಿನ ಸರ ಬಿಟ್ಟಿದ್ದರು, ಸುತ್ತ ಜನ ನಿಂತಿದ್ದರು, ಹಾಡು ಜೋರಾಗಿತ್ತು. ದೇವೇಂದ್ರಪ್ಪ ಒಂದು ಸುತ್ತು ತಿರುಗಿಸಿದರು. ತಿರುಗಿ ಬಂದವಳ ಹಿಮ್ಮಡಿ ನೇರ ಅವರ ಹೆಬ್ಬೆರಳ ಮೇಲೆ ಬಿತ್ತು. "ಯವ್ವಾ!" ಎಂದು ಅವರು ಕೂಗಿದರು.

ಇನ್ನೊಬ್ಬರಿಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ನಮ್ಮಲ್ಲಿ ಹಾಲುಹಲ್ಲಿನ ವಯಸ್ಸಿಗೇ ಕಲಿಸಿಬಿಡುತ್ತಾರೆ. ಅದಕ್ಕೆ ಬುದ್ಧಿ ಬೇಕಿಲ್ಲ, ಕೈ ತಾನೇ ಹೋಗುತ್ತದೆ. ಕುಸುಮಾ ಕುಣಿತದ ನಡುವೆಯೇ ಸೊಂಟ ಬಗ್ಗಿಸಿ, ಅವರ ಪಾದ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡಳು. "ಬ್ಯಾಡ್ರೀ, ಬ್ಯಾಡ್ರೀ" ಎಂದು ಅವರು ಅವಳ ಭುಜ ಹಿಡಿದು ಎಬ್ಬಿಸಿದರು. ಸುತ್ತಲಿದ್ದವರು ಇದೂ ಒಂದು ಸ್ಟೆಪ್ಪೇ ಇರಬೇಕೆಂದು ಚಪ್ಪಾಳೆ ತಟ್ಟಿದರು. ಯಾರೋ ಪುಣ್ಯಾತ್ಮರು ಫೋನಿನಲ್ಲಿ ಹಿಡಿದು ಅದನ್ನು ಊರಿಗೆಲ್ಲ ಹಂಚಿದರು.

ಶುಕ್ರವಾರ ಗಿರಾಕಿ ನೀಲಾಂಬಿಕಾ ಅಂಗಡಿಗೆ ಬಂದವಳೇ ಫೋನು ಮುಂದೆ ಹಿಡಿದು, "ಕುಸುಮಕ್ಕಾ, ಇದು ನೀವೇ ಅಲ್ವಾ? ನಮ್ ಗ್ರೂಪಲ್ಲೆಲ್ಲ ಓಡಾಡ್ತಾ ಇದೆ!" ಎಂದು ನಕ್ಕಳು. ಕುಸುಮಾ ಹೊಲಿಯುತ್ತಿದ್ದ ಬ್ಲೌಸಿನ ತೋಳು ತಲೆಕೆಳಗಾಗಿ ಸೇರಿಹೋಯಿತು. ರೇವಂತನಿಗೆ ಹೇಳಿ ಆ ವಿಡಿಯೋವನ್ನು ತೆಗೆಸಿದಳು ನಿಜ. ಆದರೆ ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ?

ಸಂಜೆ ಕೀರ್ತನಾ ಕೆಲಸದಿಂದ ಬಂದು ಬ್ಯಾಗನ್ನೂ ಇಳಿಸದೆ ನಿಂತಳು. ಕಣ್ಣು ಕೆಂಪಾಗಿತ್ತು.

"ಮಧು ಕಳ್ಸಿದ್ದ ಅಮ್ಮಾ. ಅಜ್ಜಿ ನೋಡ್ಬಿಟ್ಟಿದಾರಂತೆ."

"ಡ್ಯಾನ್ಸ್ ತಾನೇ ಕಣೇ, ತಪ್ಪಾಯ್ತು ಅಂತೀನಿ, ಕಾಲಿಗ್ ಬೀಳ್ತೀನಿ..."

"ಡ್ಯಾನ್ಸ್ ಹಾಳಾಗ್ಲಿ! ಆ ಕಾಲು ಯಾಕಮ್ಮಾ ಮುಟ್ದೆ? ಹೆಂಡ್ತಿ ಗಂಡನ ಕಾಲು ಮುಟ್ಟಿದ ಹಾಗಿದೆ ಅಂತಿದಾರೆ. ನೀನು ಗುಟ್ಟಾಗಿ ಅವ್ರನ್ನ ಮದುವೆ ಆಗ್ಬಿಟ್ಟಿದೀಯ ಅಂತ ಅವ್ರ ಮನೇಲೆಲ್ಲ ಅದೇ ಮಾತು!"

ಆ ಎರಡು ರಾತ್ರಿ ಕುಸುಮಾಳಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಗಂಡನ ಫೋಟೋದ ಕಡೆ ನೋಡಲೂ ಹೆದರಿಕೆ, ಮಗಳ ಮುಖ ನೋಡಲೂ ಹೆದರಿಕೆ. ಮುದಿಗಾಲಕ್ಕೆ ಕುಣಿಯಲು ಹೋಗಿ ಹೆತ್ತ ಮಗಳ ಬಾಳಿಗೆ ಮಣ್ಣು ಹಾಕಿದೆನಲ್ಲಾ ಎಂದು ಹಣೆ ಚಚ್ಚಿಕೊಂಡಳು.

ಭಾನುವಾರ ಅವರು ಬಂದರು. ಬರುತ್ತಾರೋ ಇಲ್ಲವೋ ಎಂದೇ ಅನುಮಾನವಿತ್ತು, ಆದರೂ ಬಂದರು. ಮಧುಕುಮಾರ್, ಅವನ ತಂದೆ ತಾಯಿ, ತಾತ ಮುನಿಯಪ್ಪ, ಹಸಿರು ರೇಷ್ಮೆ ಸೀರೆಯ ಮುನಿತಾಯಮ್ಮ. ಹೂವು, ಹಣ್ಣು, ಅರಿಶಿನ ಕುಂಕುಮದ ತಟ್ಟೆಯೂ ಬಂದಿತ್ತು. ಮುದುಕಿ ಅದನ್ನು ಚಾಪೆಗೆ ಇಳಿಸದೆ ತನ್ನ ತೊಡೆಯ ಮೇಲೇ ಇಟ್ಟುಕೊಂಡಳು. ಕುಸುಮಾ ಕೇಸರಿಬಾತು ಹಂಚುವಾಗ ಚಮಚ ತಟ್ಟೆಗೆ ತಗುಲಿ ಟಕಟಕ ಸದ್ದು ಮಾಡಿತು. ಕೀರ್ತನಾ ತಲೆ ತಗ್ಗಿಸಿ ಕೂತಿದ್ದಳು, ಖಾಲಿ ಜಡೆ ಬೆನ್ನ ಮೇಲೆ ಬಿದ್ದಿತ್ತು.

"ಕುಂತ್ಕೋ ಬಾರವ್ವ" ಎಂದಳು ಮುನಿತಾಯಮ್ಮ. ಕುಸುಮಾ ಕೂತಳು.

"ಪೋನ್ನಾಗೆ ನೋಡ್ದೆ. ಕುಣ್ದಿದ್ದು ನೀನೇಯಾ?"

"ಹೂಂ ಅಮ್ಮ."

"ಕುಣ್ದ್ರೆ ಕುಣಿ ಬುಡು, ನಾವೂ ಕುಣ್ದಿರೋರೇಯ. ನಾನು ಕೇಳೋದೊಂದೇ ಮಾತು. ಆ ಯಪ್ಪ ನಿಂಗೆ ಏನಾಗ್ಬೇಕು?"

"ಕಾಲು ತುಳಿದ್ಬಿಟ್ಟೆ ಅಮ್ಮ. ಅದಕ್ಕೇ ಮುಟ್ಟಿ ಕಣ್ಣಿಗೊತ್ಕೊಂಡೆ. ದೇವ್ರಾಣೆಗೂ ಅಷ್ಟೇ."

ಮಧುಕುಮಾರನ ತಾಯಿ ಗಂಡನ ಮುಖ ನೋಡಿದಳು. ಮುನಿತಾಯಮ್ಮ ಮಾತ್ರ ಕುಸುಮಾಳ ಮುಖದಿಂದ ಕಣ್ಣು ಕೀಳಲಿಲ್ಲ.

"ಸರಿ. ಅಣ್ಣನ ಸಮ ಅನ್ನು, ಮುಗೀತು. ಇವ್ರೆಲ್ಲರ ಮುಂದೆ ಒಂದ್ ಕಿತ ಅಣ್ಣ ಅಂದ್ಬುಡು, ನಾನು ಹೂವ ಮುಡುಸ್ತೀನಿ. ಯಾವನೂ ಬಾಯಿ ಬುಡಾಂಗಿಲ್ಲ."

ಎಷ್ಟು ಸುಲಭದ ಮಾತು! ಆಟೋದವನಿಗೆ ಅಣ್ಣ, ತರಕಾರಿಯವನಿಗೆ ಅಣ್ಣ, ಕರೆಂಟಿನವನಿಗೆ ಅಣ್ಣ. ಗಂಡ ಹೋದ ಮೇಲೆ ಎದುರಿಗೆ ಬಂದ ಗಂಡಸಿಗೆಲ್ಲ ಆ ಹೆಸರು ಕೊಟ್ಟೇ ಅವಳು ತನ್ನ ಮಾನ ಕಾಪಾಡಿಕೊಂಡು ಬಂದವಳು. ಕುಸುಮಾ ಬಾಯಿ ತೆರೆದಳು. ಆ ಎರಡಕ್ಷರ ಆಚೆ ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಇಷ್ಟು ತಿಂಗಳಲ್ಲಿ ದೇವೇಂದ್ರಪ್ಪನವರನ್ನು ತಾನು ಒಮ್ಮೆಯೂ ಅಣ್ಣ ಎಂದಿಲ್ಲ, ಸಾರ್ ಎಂದಿದ್ದಾಳೆ, ಇಲ್ಲವೇ ಏನೂ ಅನ್ನದೆ ಕೈ ಚಾಚಿದ್ದಾಳೆ. ಯಾಕೆ ಅನ್ನಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಈಗ, ಬೀಗರ ಮುಂದೆ, ಮಗಳ ಹೂವಿನ ತಟ್ಟೆಯ ಮುಂದೆ. ಹೇಳೇ ಮೂದೇವಿ, ಹೇಳಿ ಸಾಯಿ, ನಿನ್ನ ಮಗಳ ಬಾಳು ಎಂದು ಒಳಗೇ ತನ್ನನ್ನು ತಾನು ಬೈದುಕೊಂಡಳು.

"ಅಮ್ಮಾ" ಎಂದಳು ಕೀರ್ತನಾ ಮೆಲ್ಲಗೆ. ದನಿಯಲ್ಲಿ ಅಳುವಿತ್ತು.

"ಅಣ್ಣ ಅಲ್ಲಮ್ಮ ಅವ್ರು" ಎಂದಳು ಕುಸುಮಾ. ದನಿ ಅವಳದಾಗಿರಲಿಲ್ಲ. "ಮದುವೆಗಿದುವೆ ಏನೂ ಆಗಿಲ್ಲ. ಅಂಥ ಮಾತೂ ನಮ್ಮಿಬ್ಬರ ಮಧ್ಯೆ ಬಂದಿಲ್ಲ. ಆದ್ರೆ ಅಣ್ಣ ಅನ್ನೋಕೆ ನನ್ ಕೈಲಿ ಆಗ್ತಾ ಇಲ್ಲ. ನನ್ನ ತಪ್ಪಿಗೆ ಮಗೂನ ಬಿಡ್ಬೇಡಿ, ನಿಮ್ ದಮ್ಮಯ್ಯ."

ಮಧುಕುಮಾರನ ತಂದೆ ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ಹುಡುಗನ ತಾಯಿಯೂ ಸೆರಗು ಸರಿಮಾಡಿಕೊಂಡಳು. ಕುಸುಮಾ ಕಣ್ಣು ಮುಚ್ಚಿದಳು, ಮುಗಿಯಿತು ಅಂದುಕೊಂಡಳು.

"ಯಾರೋ ಎದ್ದೋನು? ಕುಂತ್ಕೊಳ್ಳೋ" ಎಂದಳು ಮುನಿತಾಯಮ್ಮ ಮಗನಿಗೆ. "ಸುಳ್ಳೇಳು ಅಂತ ದಾರಿ ತೋರ್ಸ್‌ಕೊಟ್ಟೆ, ಎದ್ರುಕೊಂಡು ನಡುಗ್ತಾವ್ಳೆ, ಆದ್ರೂ ಸುಳ್ಳೇಳ್ನಿಲ್ಲ. ಇಂಥೋಳ ಮಗ್ಳನ್ನ ಬುಟ್ಟು ಇನ್ಯಾವಳನ್ನ ತತ್ತೀಯಾ? ಬಾ ಮಗಾ, ಈ ಕಡೆ ತಿರುಗು."

ಕೀರ್ತನಾ ಅಳುತ್ತಲೇ ಸರಿದು ಬಂದಳು. ಮುದುಕಿ ಅವಳ ಜಡೆ ಹಿಡಿದು ಮಲ್ಲಿಗೆ ಮುಡಿಸಿದಳು. ಹಣೆಗೆ ಕುಂಕುಮವಿಟ್ಟಳು. ಮುನಿಯಪ್ಪ ತಾತ ಅಲ್ಲಿಯತನಕ ಮುಟ್ಟದೇ ಇಟ್ಟಿದ್ದ ಕೇಸರಿಬಾತಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

ಹೊರಡುವಾಗ ಮುನಿತಾಯಮ್ಮ ಕುಸುಮಾಳನ್ನು ಬಾಗಿಲ ಮರೆಗೆ ಕರೆದಳು. ಕುಸುಮಾ ಅವಳ ಕಾಲಿಗೆ ಬೀಳಲು ಹೋದಳು. ಮುದುಕಿ ರಟ್ಟೆ ಹಿಡಿದು ತಡೆದಳು.

"ಮದ್ವೆ ಆಗೋಗಂಟ ಆ ಕಡೆ ತಲೆ ಆಕ್ಬ್ಯಾಡ. ನಮ್ ನೆಂಟ್ರು ಬಾಯಿ ಸರಿಗಿಲ್ಲ."

"ಇಲ್ಲಮ್ಮ, ಖಂಡಿತ ಹೋಗಲ್ಲ."

"ಆಮ್ಯಾಕೆ ನಿನ್ನಿಷ್ಟ ಕಣವ್ವ."

ಕಾರು ಹೊರಟುಹೋಯಿತು. ಒಳಗೆ ಕೀರ್ತನಾ ಯಾರಿಗೋ ಫೋನಿನಲ್ಲಿ ನಗುತ್ತಾ ಹೇಳುತ್ತಿದ್ದಳು. ಕುಸುಮಾ ಬಾಗಿಲಲ್ಲೇ ನಿಂತಿದ್ದಳು. ಹುಟ್ಟಿದಂದಿನಿಂದ ಅವಳಿಗೆ ಯಾರೂ ಹೇಳದೇ ಇದ್ದ ಮಾತು ಅದು, ನಿನ್ನಿಷ್ಟ ಎಂಬುದು. ಅಪ್ಪ ಹೇಳಿರಲಿಲ್ಲ, ರಾಜೇಂದ್ರ ಹೇಳಿರಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಇಷ್ಟು ಹೆದರಿಕೆ ಅವಳಿಗೆ ಈ ಎರಡು ದಿನಗಳಲ್ಲೂ ಆಗಿರಲಿಲ್ಲ.