ತಗಡಿನ ಮೇಲಿನ ಹೆಸರು

ಹಾವೇರಿಯ ನಮ್ಮ ತಾರಸಿಯ ಕುಂಡಗಳ ಮೇಲೆ ಮಾರ್ಕರ್‌ನಿಂದ ಬರೆದಿದ್ದ ಗಿಡಗಳ ಹೆಸರುಗಳೆಲ್ಲ ಬಿಸಿಲಿಗೆ ಅಳಿಸಿಹೋಗಿವೆ. ಇವತ್ತು ಹಳೆಯ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಮೊಳೆಯಿಂದ ಹೆಸರು ಕೊರೆಯಲು ಕೂತೆ. ಆ ಕರಕರ ಸದ್ದಿಗೆ ಬ್ಯಾಡಗಿಯ ಹಿತ್ತಲು ನೆನಪಾಯಿತು.

ಅಜ್ಜಿ ಹೀಗೆಯೇ ಕೊರೆಯುತ್ತಿದ್ದಳು, ತಲೆಕಟ್ಟಿಲ್ಲದ ಅಕ್ಷರಗಳಲ್ಲಿ. ಬಾವಿಯ ಪಕ್ಕದ ಮಲ್ಲಿಗೆಗೆ ಮಾತ್ರ ‘ಕಮಲಾ’ ಎಂದಿತ್ತು. ಆ ಗಿಡದ ಹೂವನ್ನು ಅವ್ವ ಯಾವತ್ತೂ ಮುಡಿಯಲಿಲ್ಲ.

“ಅಜ್ಜೀ, ತಪ್ಪು ಬರದೀದಿ. ಇದು ಮಲ್ಲಿಗಿ.”

“ಅದು ಗಿಡದ ಹೆಸರಲ್ಲ, ಯವ್ವಾ.”

“ಹಂಗಾರ ನಂದಾ?” ನನ್ನ ಹೆಸರೂ ಕಮಲಾ.

“ನಿಮ್ಮಕ್ಕಂದು. ನೀ ಹುಟ್ಟೂಕಿಂತ ಮೊದ್ಲ ತೀರಿಹೋದ್ಲು. ಇಲ್ಲೇ ಮಲಗ್ಯಾಳ. ಆಕಿ ಹೆಸರನ್ನ ನಿನಗ ಇಟ್ಟೇವಿ.” ಅಜ್ಜಿ ಮಾಸಿದ ಅಕ್ಷರಗಳ ಮೇಲೆ ಮತ್ತೆ ಮೊಳೆ ಎಳೆದಳು. “ಇದು ಅಳಿಸಿತಂದ್ರ, ಹೆಸರು ಕೇಳ್ಕೋತ ನಿನ್ನ ಕಡೆ ಬರ್ತಾಳ.”

ಅಜ್ಜಿ ಹೋದ ಮೇಲೆ ಆ ಮನೆ ಬೇರೆಯವರ ಪಾಲಾಯಿತು. ತಗಡು ಏನಾಯಿತೋ ತಿಳಿಯದು.

ಮೊಳೆ ಹಿಡಿದು ಕೂತಿದ್ದಾಗ ಬೆನ್ನ ಹಿಂದೆ ಪುಟ್ಟ ಹುಡುಗಿಯ ದನಿ ಕೇಳಿತು: “ನಿಮ್ಮ ಹೆಸರೇನ್ರಿ?”

ಕೆಳಗಿನ ಮನೆಗೆ ಹೊಸದಾಗಿ ಬಂದವರ ಮಗಳಿರಬೇಕು. ನಾನು ತಿರುಗಿ ನೋಡಲಿಲ್ಲ. ಹೆಸರೂ ಹೇಳಲಿಲ್ಲ.