ಅಕ್ಕನಿಗೆ ಐರ್ಲೆಂಡಿನಿಂದ ಬಂದ ನಂಟು

ನನ್ನ ಅಕ್ಕನದು ಬೆಕ್ಕಿನ ಕಣ್ಣು. ಬೂದು ಬಣ್ಣಕ್ಕೆ ಒಂದಿಷ್ಟು ಹಸಿರು ಬೆರೆಸಿದ ಹಾಗೆ. ನಮ್ಮ ಅವ್ವನ ತಾಯಿಗೂ ಅದೇ ಕಣ್ಣಿತ್ತು. ನಡುವೆ ಅವ್ವನಿಗೆ ಬರಲಿಲ್ಲ, ಅಕ್ಕನಿಗಿಂತ ಚಿಕ್ಕವಳಾದ ನನಗೂ ಬರಲಿಲ್ಲ. ಹಳೇಕೋಟೆ ಕಡೆಯ ನಮ್ಮೂರಿನಲ್ಲಿ ಬೆಳಗ್ಗೆ ಹೊಲಕ್ಕೆ ಹೊರಟವರು ಅಕ್ಕ ಎದುರಾದರೆ ಸ್ವಲ್ಪ ಹೊತ್ತು ನಿಂತು ಆಮೇಲೆ ಮುಂದೆ ಹೋಗುತ್ತಿದ್ದರು. ಚನ್ನರಾಯಪಟ್ಟಣದ ಕಡೆಯಿಂದ ಬಂದ ಒಂದು ಸಂಬಂಧ ಮಾತುಕತೆಯವರೆಗೂ ಬಂದಿತ್ತು. ಗಂಡಿನ ತಾಯಿ ಅವಳನ್ನು ಬಾಗಿಲ ಬೆಳಕಿಗೆ ಕರೆದು, ಗದ್ದ ಎತ್ತಿ ನೋಡಿ, ಈ ಕಣ್ಣು ನಮ್ಮ ಮನೆಗೆ ಆಗಿಬರುವುದಿಲ್ಲ ಎಂದು ಎದ್ದು ಹೋದರು. ಅದಾದ ಮೇಲೂ ಬಂದವರು ಹೀಗೇ ಹೋದರು. ಕೊನೆಗೆ ಕೊಣನೂರಿನಲ್ಲಿ ಹೊಗೆಸೊಪ್ಪು ಬೆಳೆಯುವವರೊಬ್ಬರಿಗೆ, ಮೊದಲ ಹೆಂಡತಿ ತೀರಿಕೊಂಡಿದ್ದವರಿಗೆ, ಅವಳನ್ನು ಕೊಟ್ಟರು. ಭಾವ ಒಳ್ಳೆಯವರೇ.

ನಾನು ಮಾತ್ರ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಓದಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸ ಸಿಕ್ಕಿತು, ಅಲ್ಲೇ ಮದುವೆಯಾಯಿತು, ಅಲ್ಲೇ ಮನೆಯೂ ಆಯಿತು. ಅಕ್ಕನ ಮಾತು ಬಂದಾಗಲೆಲ್ಲ "ಪಾಪ" ಎನ್ನುತ್ತಿದ್ದೆ. ಆ "ಪಾಪ" ನನಗೆ ಎಷ್ಟು ಹಿತವಾಗಿತ್ತು ಎಂದು ಆಗ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಅವ್ವ ತೀರಿಕೊಂಡಳು. ಹನ್ನೊಂದನೆಯ ದಿನದ ಕಾರ್ಯ ಮುಗಿದು ಜನ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಾಗ ಅವ್ವನ ತವರಿನ ಹಿರಿಯರೊಬ್ಬರು ಅಕ್ಕನ ಮುಖವನ್ನೇ ನೋಡುತ್ತಾ, ಯಾರೂ ಕೇಳದಿದ್ದರೂ ಹೇಳಿಬಿಟ್ಟರು. "ನಿಮ್ಮಜ್ಜಿ ದೊರೆ ಮಗ್ಳು ಕಣವ್ವಾ. ರಸ್ತೆ ಓವರ್‌ಸೀರ್ ದೊರೆ. ಈಗ ಯೋಳುದ್ರೆ ಯಾರಿಗೇನ್ ನಷ್ಟ?"

ಊರು ಪಿಸುಗುಟ್ಟುತ್ತಿದ್ದದ್ದನ್ನು ನಾವು ಚಿಕ್ಕಂದಿನಲ್ಲಿ ಕೇಳಿದ್ದೆವು. ಮನೆಯೊಳಗೆ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ರಸ್ತೆ ಹಾಕಿಸಲು ಬಂದಿದ್ದ ಬಿಳಿಯ, ಹೊಳೆಯ ದಂಡೆಯಲ್ಲಿ ಹೆಂಚಿನ ಮನೆ ಮಾಡಿಕೊಂಡು ಅಜ್ಜಿಯ ತಾಯಿಯ ಜೊತೆ ಕೆಲವು ವರ್ಷ ಇದ್ದನಂತೆ. ಅಜ್ಜಿ ನಡೆದಾಡಿ ಮಾತು ಕಲಿಯುವಷ್ಟರಲ್ಲಿ ರಸ್ತೆ ಮುಗಿದು, ಅವನು ಹಡಗು ಹತ್ತಿದ. ತಾಯಿಯೂ ಹೆಚ್ಚು ದಿನ ಬದುಕಲಿಲ್ಲ. ಅಜ್ಜಿಯನ್ನು ಅವಳ ಸೋದರಮಾವ ಸಾಕಿ, ಯಾರೂ ಬಾಯಿ ಮಾಡಬಾರದೆಂದು ತನ್ನ ಮಗನಿಗೇ ತಂದುಕೊಂಡ. ದೊರೆಯ ಹೆಸರೇನು ಎಂದು ಕೇಳಿದೆ. ಹಿರಿಯರು ಹೇಳಿದ ಹೆಸರು ಊರಿನ ಬಾಯಲ್ಲಿ ಸವೆದು ನಮ್ಮ ಕಡೆಯ ಹೆಸರಿನ ಹಾಗೇ ಆಗಿಹೋಗಿತ್ತು.

ಅಕ್ಕ ಎದ್ದು ಒಳಗೆ ಹೋದಳು. ನಾನು ಹಾಸನಕ್ಕೆ ಹಿಂದಿರುಗಿದ ಮೇಲೂ ಆ ಹೆಸರನ್ನು ಬಾಯಲ್ಲಿ ತಿರುಗಿಸುತ್ತಲೇ ಇದ್ದೆ. ನಮ್ಮ ಸ್ಟಾಫ್ ರೂಮಿನಲ್ಲಿ ದೇವಸ್ಥಾನದ ಊರುಗಳ ಹಳೆಯ ಮನೆತನದವರು ಇದ್ದರು. ಮಾತಿನ ನಡುವೆ ಅವರು ಮುತ್ತಜ್ಜನ ಅಜ್ಜನ ಹೆಸರನ್ನೂ ಆ ಹಿರಿಯ ಬರೆದಿಟ್ಟ ಓಲೆಗರಿಗಳನ್ನೂ ಎಳೆದು ತರುತ್ತಿದ್ದರು. ಆ ಹೊತ್ತಿನಲ್ಲಿ ನಾನು ಪರೀಕ್ಷೆಯ ಕಾಗದಗಳನ್ನು ತಿದ್ದುವವಳಂತೆ ತಲೆ ಬಗ್ಗಿಸಿ ಕೂರುತ್ತಿದ್ದೆ. ಈಗ ನನಗೂ ಒಬ್ಬ ಮುತ್ತಜ್ಜ ಸಿಕ್ಕಿದ್ದ. ಇಂಗ್ಲಿಷ್ ಪಾಠ ಹೇಳುವವಳಿಗೆ ಇಂಗ್ಲಿಷಿನವನೇ.

ಬ್ರೌಸಿಂಗ್ ಸೆಂಟರ್‌ಗಳು ಹಾಸನಕ್ಕೆ ಬಂದ ಮೇಲೆ ನನ್ನ ಭಾನುವಾರಗಳು ಅಲ್ಲೇ ಕಳೆದವು. ಪೂರ್ವಜರನ್ನು ಹುಡುಕುವವರು ಬರೆದುಕೊಳ್ಳುವ ಒಂದು ವೆಬ್‌ಸೈಟ್ ಇತ್ತು. ಅಲ್ಲಿ ನನಗೆ ಗೊತ್ತಿದ್ದದ್ದನ್ನೆಲ್ಲ ಬರೆದೆ. ಆ ಸವೆದ ಹೆಸರು ಇಂಗ್ಲಿಷಿನಲ್ಲಿ ಏನೇನು ಆಗಿದ್ದಿರಬಹುದೋ ಅವನ್ನೆಲ್ಲ ಪಕ್ಕಪಕ್ಕದಲ್ಲಿ ಇಟ್ಟೆ. ಆಸ್ಟ್ರೇಲಿಯಾದಿಂದ, ಕೆನಡಾದಿಂದ ಯಾರ್ಯಾರೋ ಬರೆದರು. ಯಾವುದೂ ಹೊಂದಲಿಲ್ಲ. ಅಕ್ಕನಿಗೆ ಹಬ್ಬದಲ್ಲಿ ಸಿಕ್ಕಾಗ ಹೇಳಿದೆ. ಬಿಟ್ಟು ಹೋದವನ ಸುದ್ದಿ ಕಟ್ಟಿಕೊಂಡು ನಿನಗೇನಾಗಬೇಕು ಎಂದು ಒಬ್ಬಟ್ಟು ತಟ್ಟುವುದನ್ನು ಮುಂದುವರಿಸಿದಳು. ನನಗೆ ಬೇಸರವಾಗಲಿಲ್ಲ. ಇದು ನನ್ನೊಬ್ಬಳದೇ ಆಗಿರಲಿ ಎಂದು ಒಳಗೊಳಗೆ ಸಮಾಧಾನವೇ ಆಯಿತು.

ಒಂದು ವರ್ಷದ ಮೇಲೆ ಐರ್ಲೆಂಡಿನಿಂದ ಉತ್ತರ ಬಂತು. ಬರೆದವರು ನರ್ಸ್ ಕೆಲಸ ಮಾಡಿ ನಿವೃತ್ತರಾದ ಹೆಂಗಸು. ತನ್ನ ಅಜ್ಜ ಪ್ರಾಯದಲ್ಲಿ ಮೈಸೂರು ಸೀಮೆಯಲ್ಲಿ ರಸ್ತೆ ಮಾಡಿಸುತ್ತಿದ್ದ, ಹಿಂದಿರುಗಿ ಮದುವೆಯಾದ, ಅಲ್ಲಿಯ ಮಾತನ್ನು ಎಂದೂ ಆಡುತ್ತಿರಲಿಲ್ಲ. ನೀನು ಬರೆದಿರುವ ಹೆಸರುಗಳಲ್ಲಿ ಮೂರನೆಯದು ನಮ್ಮದು, ಆದರೆ ನಾವು ಇಂಗ್ಲಿಷರಲ್ಲ, ದಯವಿಟ್ಟು ಅದನ್ನು ತಿದ್ದಿಕೋ ಎಂದಿದ್ದರು. ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ಅಜ್ಜ ಮೊಮ್ಮಕ್ಕಳಿಗೆ ಊಟ ಮಾಡಿಸುವಾಗ ಏನೋ ಹೇಳುತ್ತಿದ್ದ, ಮಕ್ಕಳನ್ನು ನಗಿಸಲು ಸುಮ್ಮನೆ ಕಟ್ಟಿದ್ದು ಎಂದುಕೊಂಡಿದ್ದೆವು, ಅದು ನಿಮ್ಮ ಭಾಷೆಯೇ? ಕೆಳಗೆ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತಮಗೆ ನೆನಪಿದ್ದಂತೆ ಮುರಿದು ಮುರಿದು ಬರೆದಿದ್ದರು. ನಾನು ಜೋರಾಗಿ ಓದಿದೆ. "ಬಾರವ್ವಾ, ಉಣ್ಣವ್ವಾ, ಕಾಗೆ ಬಂತು ನೋಡು."

ಪಕ್ಕದ ಕಂಪ್ಯೂಟರಿನವರು ತಿರುಗಿ ನೋಡಿದರು. ಮೈ ಜುಮ್ಮೆಂದಿತು. ಅದು ನಮ್ಮ ಅಜ್ಜಿಗೆ ತುತ್ತು ಹಾಕಲು ಅವನು ಕಲಿತ ಮಾತು. ನಮ್ಮ ಅಜ್ಜಿಗೆ ಅಪ್ಪನ ಕೈತುತ್ತಿನ ನೆನಪೇ ಇರಲಿಲ್ಲ. ಆ ಕಡೆಯ ಮೊಮ್ಮಕ್ಕಳು ನೆನಪು ನಿಲ್ಲುವ ವಯಸ್ಸಿನವರೆಗೂ ಅವನ ಕೈಯಲ್ಲಿ ಉಂಡಿದ್ದರು. ಆದರೂ ಅಂದೇ ಉತ್ತರ ಬರೆದೆ.

ಎರಡು ವರ್ಷ ಹೀಗೇ ಬರೆದುಕೊಂಡೆವು. ಅವರ ಅಜ್ಜ ದೊರೆಯಲ್ಲ, ಕಲ್ಲು ಕುಟಿಗನ ನಾಲ್ಕನೆಯ ಮಗ ಎಂದು ತಿಳಿಯಿತು. ಅವರಿಗಿದ್ದ ಒಬ್ಬಳೇ ತಂಗಿ ಈಚೆಗೆ ತೀರಿಕೊಂಡಿದ್ದಳು. ಒಂದು ಆಗಸ್ಟಿನಲ್ಲಿ ಒಬ್ಬರೇ ಹೊರಟು ಬಂದರು. ಅವರಿಗಾಗಿ ಮನೆಯಲ್ಲಿ ಕೂರುವ ಕಮೋಡ್ ಹಾಕಿಸಿದ್ದೆ, ಹೊಸ ಹಾಸಿಗೆ, ಹೊಸ ಕಪ್ಪುಗಳನ್ನು ತಂದಿದ್ದೆ, ಕಾಲೇಜಿಗೆ ಕರೆದುಕೊಂಡು ಹೋಗಿ ಸ್ಟಾಫ್ ರೂಮಿನಲ್ಲಿ ಪರಿಚಯ ಮಾಡಿಸಬೇಕೆಂದು ಯಾವ ಸೀರೆ ಉಡಬೇಕೆಂದೂ ತೀರ್ಮಾನಿಸಿದ್ದೆ. ಎಪ್ಪತ್ತು ಸಮೀಪಿಸಿದ, ಎತ್ತರದ, ಸದ್ದು ಮಾಡದೆ ನಡೆಯುವ ಹೆಂಗಸು. ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡರು. ಆಮೇಲೆ ನನ್ನ ಎರಡೂ ಕೆನ್ನೆ ಹಿಡಿದು ಮುಖವನ್ನು ನೋಡಿದರು. ಏನನ್ನೋ ಹುಡುಕಿ, ಸಿಗದೆ, ಅದು ತೋರಬಾರದೆಂದು ಬೇಗ ನಕ್ಕರು. ಅವರು ಮುಚ್ಚಿಟ್ಟದ್ದು ನನಗೆ ಕಂಡಿತು.

ಮರುದಿನ ಕೊಣನೂರಿಗೆ ಹೋದೆವು. ಹೊಗೆಸೊಪ್ಪಿನ ಕಾಲ. ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಅಕ್ಕ ಆಳುಗಳ ಜೊತೆ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಹಳೆಯ ಸೀರೆ, ತಲೆಗೆ ಟವೆಲ್, ಮೊಣಕೈವರೆಗೂ ಕಪ್ಪು ಅಂಟು. ನಾನು ಕರೆದೆ. ಅವಳು ತಿರುಗಿದಳು.

ಆ ಹೆಂಗಸು ಅಲ್ಲೇ, ಸೊಪ್ಪಿನ ರಾಶಿಯ ಪಕ್ಕದಲ್ಲಿ ಕುಸಿದು ಕೂತರು. ಒಂದು ಕೈ ಬಾಯಿಗೆ ಅಡ್ಡ ಹಿಡಿದಿದ್ದರು. ಆಳುಗಳು ನೀರು ತಂದರು. ಆಕೆ ಅಕ್ಕನಿಂದ ಕಣ್ಣು ತೆಗೆಯದೆ, ನನಗೆ ಇಂಗ್ಲಿಷಿನಲ್ಲಿ, ಇದು ನನ್ನ ತಂಗಿ, ಸತ್ತ ನನ್ನ ತಂಗಿಯೇ ಎಂದರು. ಏನಂತೆ ಎಂದು ಅಕ್ಕ ಕೇಳಿದಳು. ಸುತ್ತಲಿದ್ದವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಅದನ್ನು ನಾನೇ ಕನ್ನಡದಲ್ಲಿ ಹೇಳಬೇಕಿತ್ತು. "ನೀನು ಇವರ ತಂಗಿ ಇದ್ದ ಹಾಗೇ ಇದ್ದೀಯಂತೆ" ಎಂದೆ.

ಅವರು ಹಾಸನಕ್ಕೆ ಹಿಂದಿರುಗಲಿಲ್ಲ. ಒಂದು ರಾತ್ರಿ ಇಲ್ಲಿರುತ್ತೇನೆ ಎಂದವರು ಅಲ್ಲೇ ಉಳಿದರು. ಹೊಸ ಹಾಸಿಗೆ ಬಿಟ್ಟು ಅಕ್ಕನ ನಡುಮನೆಯ ಹಗ್ಗದ ಮಂಚದಲ್ಲಿ ಮಲಗಿದರು. ಸ್ಟಾಫ್ ರೂಮಿನವರು ನಿಮ್ಮ ಫಾರಿನ್ ನೆಂಟರೆಲ್ಲಿ ಎಂದು ಕೇಳುತ್ತಿದ್ದರು. ಹುಷಾರಿಲ್ಲ ಎಂದು ಹೇಳಿದೆ.

ನಾನಿಲ್ಲದೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೂಕರಂತೆ ಕೂತಿರುತ್ತಾರೆ ಎಂದುಕೊಂಡೇ ಶನಿವಾರ ಬಸ್ಸು ಹತ್ತಿದೆ. ಅರಕಲಗೂಡಿನಲ್ಲಿ ಇನ್ನೊಂದು ಬಸ್ಸಿಗೆ ಕಾಯುವಾಗ, ಪಾಪ, ಎಷ್ಟು ಕಷ್ಟಪಡುತ್ತಿದ್ದಾರೋ ಎಂದು ಹಣ್ಣು ಬ್ರೆಡ್ಡು ಕೊಂಡೆ. ಹೋಗಿ ನೋಡಿದರೆ ಇಬ್ಬರೂ ಹಿತ್ತಲಲ್ಲಿ ಕೂತು ಸೊಪ್ಪು ಕಟ್ಟುತ್ತಿದ್ದಾರೆ. ಆಕೆಯ ಬಿಳಿ ಕೈಗಳೂ ಕರಿ ಅಂಟಾಗಿವೆ. ಅಕ್ಕ ಏನೋ ಹೇಳುತ್ತಾಳೆ, ಕನ್ನಡದಲ್ಲೇ, ತಡೆಯಿಲ್ಲದೆ, ಆಕೆ ತನ್ನ ಭಾಷೆಯಲ್ಲಿ ಉತ್ತರ ಕೊಡುತ್ತಾರೆ, ಇಬ್ಬರೂ ನಗುತ್ತಾರೆ. ಅಕ್ಕ ಅಷ್ಟು ಬಾಯಿ ತೆರೆದು ನಕ್ಕದ್ದನ್ನು ನಾನು ಮದುವೆಗೆ ಮೊದಲೂ ನೋಡಿರಲಿಲ್ಲ. ನಾನು ಮಣೆ ಎಳೆದುಕೊಂಡು ಕೂತು, ಅವರಂದದ್ದನ್ನು ಅನುವಾದಿಸಲು ಶುರುಮಾಡಿದೆ. ಅಕ್ಕ ನನ್ನತ್ತ ನೋಡದೆ, "ಅವ್ಳೇನಂದ್ಲು ಅಂತ ಗೊತ್ತಾಯ್ತು ಬುಡು, ನೀನ್ ಯೋಳ್ಬೇಡ" ಎಂದಳು.

"ಅವಳು" ಅನ್ನುತ್ತಿದ್ದಾಳೆ! ಎರಡು ವರ್ಷ ಬರೆದುಕೊಂಡ ನಾನು ಇನ್ನೂ "ಅವರು" ಎನ್ನುತ್ತಿದ್ದೆ.

ಊಟಕ್ಕೆ ಕೂತಾಗ ಆಕೆ ಚೀಲದಿಂದ ಒಂದು ಫೋಟೊ ತೆಗೆದು ಅಕ್ಕನ ಕೈಗೆ ಕೊಟ್ಟರು. ಮೀಸೆ ಬಿಟ್ಟ, ಸಣ್ಣ ಟೋಪಿಯ, ಪ್ರಾಯದ ಗಂಡಸು. ನಮ್ಮ ಮುತ್ತಜ್ಜ. ನನಗೆ ತಂದದ್ದು ಬಿಸ್ಕತ್ತಿನ ಒಂದು ಚೆಂದದ ಡಬ್ಬಿ. ಅದನ್ನು ಮೊದಲ ದಿನವೇ ಕೊಟ್ಟಿದ್ದರು. ನಾನು ಅನ್ನ ಕಲಸುತ್ತಲೇ ಇದ್ದೆ, ಬಾಯಿಗೆ ಹೋಗಲಿಲ್ಲ.

ಆಕೆ ಮಲಗಿದ ಮಧ್ಯಾಹ್ನದ ಹೊತ್ತಿನಲ್ಲಿ, ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ, ತಡೆಯಲಾರದೆ ಕೇಳಿದೆ. "ಹುಡುಕಿದವಳು ನಾನು. ಆ ಫೋಟೊ ನನಗೆ ಕೊಡಬೇಕು ಅಂತ ಅವರಿಗೂ ಅನ್ನಿಸಲಿಲ್ಲ, ನಿನಗೂ ಅನ್ನಿಸಲಿಲ್ಲವಲ್ಲ."

ಅಕ್ಕ ಬೂದಿ ಹಚ್ಚಿದ ತಟ್ಟೆಯನ್ನು ಕೆಳಗಿಟ್ಟಳು. ಸಿಟ್ಟಾಗಲಿಲ್ಲ. "ಹುಡುಕ್ದೋಳು ನೀನೆಯ. ಇಲ್ಲ ಅಂದ್ನಾ? ಆದ್ರೆ ಒಂದ್ ಯೋಳು. ಗಂಡಿನ ಕಡೇರು ಎದ್ದೆದ್ದು ಓಗ್ವಾಗ ಈ ಕಣ್ಣು ನಂದೊಬ್ಳದೇ ಆಗಿತ್ತು. ನೀನು ಒಳಗೆ ಕೂತ್ಕಂಡು ಓದ್ತಿದ್ದೆ. ಆಗ ನಂಗೂ ಪಾಲು ಅದೆ ಅಂತ ಬರ್ಲಿಲ್ಲ. ಈಗ್ಯಾಕ್ ಪಾಲು ಕೇಳ್ತೀಯ?"

ನಾನು ತೊಳೆದ ಲೋಟಗಳನ್ನು ಬೋರಲು ಹಾಕತೊಡಗಿದೆ. ಅವಳೇ ಮತ್ತೆ ತಟ್ಟೆ ಎತ್ತಿಕೊಂಡು, "ಓದು ನಿಂಗ್ ಬಂತು, ಕೆಲ್ಸ ನಿಂಗ್ ಬಂತು. ದಿನಾ ರಾತ್ರಿ ನಿನ್ನ ನೆನ್ಸ್ಕಂಡು ಒಟ್ಟೆ ಉರ್ಕತಿದ್ದೆ ಕಣೇ ನಾನು. ಇದೊಂದ್ ನಂಗಿರ್ಲಿ" ಎಂದಳು.

ಅವಳು ನನ್ನನ್ನು ನೋಡಿ ಕರುಬಿದ್ದಾಳೆ ಎಂದು ನನಗೆ ಎಂದೂ ಹೊಳೆದಿರಲಿಲ್ಲ. ಪಾಪದವಳು ಎಂದು ಪಕ್ಕಕ್ಕಿಟ್ಟವಳಿಗೆ ಹೊಟ್ಟೆಕಿಚ್ಚೂ ಇರಬಹುದೆಂದು ಯಾರು ಯೋಚಿಸುತ್ತಾರೆ? ಆ ಮಾತಿನಿಂದ ನನ್ನ ಉರಿ ಕಡಿಮೆಯಾಯಿತು ಎಂದರೆ ಸುಳ್ಳು. ಹಾಸನದವರೆಗೂ ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ಅದನ್ನೇ ಜಗಿಯುತ್ತಾ ಬಂದೆ. ಆಕೆ ಊರಿಗೆ ಹೊರಟ ದಿನ ಅಕ್ಕನೂ ಹಾಸನಕ್ಕೆ ಬಂದಿದ್ದಳು. ಕಾರು ಹತ್ತುವಾಗ ಆಕೆ ನನ್ನ ಕೈ ಹಿಡಿದು, ನೀನಿಲ್ಲದಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂದರು. ಅಕ್ಕನ ಕೈ ಹಿಡಿದು ಏನೂ ಹೇಳಲಿಲ್ಲ, ಸುಮ್ಮನೆ ನಿಂತಿದ್ದರು. ಆ ಮೌನ ನನಗೆ ಬೇಕಿತ್ತು.

ಆಮೇಲಿನ ವರ್ಷಗಳಲ್ಲಿ ಅವರ ಇ-ಮೇಲ್ ನನಗೇ ಬರುತ್ತಿತ್ತು, ಅಕ್ಕನಿಗೆ ಓದಲು ಇಂಗ್ಲಿಷ್ ಬಾರದಲ್ಲ. ಪ್ರಿಂಟ್ ತೆಗೆದುಕೊಂಡು ಕೊಣನೂರಿಗೆ ಹೋಗಿ ಓದಿ ಹೇಳುತ್ತಿದ್ದೆ. ಅಕ್ಕ ಹೇಳಿದ್ದನ್ನು ಬರೆದುಕೊಂಡು ಬಂದು ಕಳಿಸುತ್ತಿದ್ದೆ. ಮೊದಲು ಹಬ್ಬಕ್ಕೊಮ್ಮೆ ಹೋಗುತ್ತಿದ್ದವಳು ಈಗ ತಿಂಗಳಿಗೆ ಒಂದೆರಡು ಸಲ ಹೋಗತೊಡಗಿದೆ. ಉತ್ತರ ಬರೆಸಿ ಮುಗಿದ ಮೇಲೆ ನಾವಿಬ್ಬರೂ ಸಂಜೆಯ ಬಸ್ಸಿನವರೆಗೆ ಮಾತಾಡುತ್ತಾ ಕೂರುತ್ತಿದ್ದೆವು, ಐರ್ಲೆಂಡಿನ ಮಾತಲ್ಲ, ಮನೆಯ ಮಾತು. ಅವಳ ಮೊಣಕಾಲು ನೋವು, ನನ್ನ ಗಂಡನ ಸಿಡುಕು. ಅವರ ಕಾಗದದಲ್ಲಿ ನನಗೆಂದು ಎಷ್ಟು ಸಾಲು, ಅಕ್ಕನಿಗೆಂದು ಎಷ್ಟು ಸಾಲು ಎಂದು ಅಳೆಯುವುದನ್ನು ಮಾತ್ರ ಬಿಡಲಾಗಲಿಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ಅವರ ಮಗ ಬರೆದ. ಹೃದಯದ ತೊಂದರೆ, ನರಳಲಿಲ್ಲ, ನಿಮ್ಮಿಬ್ಬರ ಮಾತು ತುಂಬಾ ಆಡುತ್ತಿದ್ದರು ಎಂದಿದ್ದ. ಅಂದು ಕಾಲೇಜಿಗೆ ರಜೆ ಹಾಕಿ ಹೊರಟೆ. ನಾನು ವಾರದ ನಡುವೆ ಬಂದದ್ದು ನೋಡಿಯೇ ಅಕ್ಕನಿಗೆ ತಿಳಿಯಿತು. ಬೇರೇನೂ ಕೇಳದೆ ಒಲೆ ಮೇಲಿದ್ದದ್ದನ್ನು ಇಳಿಸಿ, ಹಂಡೆಯ ನೀರು ತೋಡಿಕೊಂಡು ಬಚ್ಚಲಿಗೆ ಹೋಗಿ ತಲೆಗೆ ಹುಯ್ದುಕೊಂಡಳು. ಒದ್ದೆ ಕೂದಲಲ್ಲೇ ಹೊರಬಂದು ನನಗೂ ಒಂದು ಸೀರೆ ತೆಗೆದುಕೊಟ್ಟಳು.

"ನೀನೂ ಮಿಂದ್ಕಾ. ನಿಂಗೂ ಆಗ್ಬೇಕಲ್ಲ ಅವ್ಳು."

ನಾನು ಮಿಂದು ಬಂದೆ. ಇಬ್ಬರೂ ಜಗಲಿಯ ಮೇಲೆ ಕೂತು ಅತ್ತೆವು. ಅಕ್ಕ ನನಗಿಂತ ಹೆಚ್ಚು ಹೊತ್ತು ಅತ್ತಳು. ಅದನ್ನೂ ನಾನು ಗಮನಿಸಿದೆ.